ಎರಡು ಎಂಜಿನ್ ಇದ್ದರೆ ಸಾಲದು, ಫ್ಯಾನ್ ಸುತ್ತುವ ದಿಕ್ಕನ್ನೂ ನೋಡಬೇಕು

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಕರಾವಳಿಯ ಅಳಿವೆಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯಲು ಎರಡು ಎಂಜಿನ್‌ಗಳ ಬೋಟ್ ಕೊಳ್ಳಬೇಕೆಂದು ಸಲಹೆ ಕೇಳಿಕೊಂಡು ಬರುವವರು ಎಂಜಿನ್‌ನ ಅಶ್ವಶಕ್ತಿ, ಇಂಧನದ ಖರ್ಚು, ಕೂರಬಹುದಾದ ಜನರ ಸಂಖ್ಯೆ ಇವೆಲ್ಲವನ್ನೂ ವಿಚಾರಿಸುತ್ತಾರೆ. ಆದರೆ ನೀರಿನೊಳಗೆ ಸುತ್ತಿ ಬೋಟನ್ನು ತಳ್ಳುವ ಎರಡು ಫ್ಯಾನ್‌ಗಳು, ಅಂದರೆ ಪ್ರೊಪೆಲ್ಲರ್‌ಗಳು, ಯಾವ ಯಾವ ದಿಕ್ಕಿಗೆ ಸುತ್ತುತ್ತವೆ ಎಂದು ಕೇಳಿದವರು ನನಗೆ ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಗಲ್ಫ್‌ನ ಬಂದರುಗಳಲ್ಲಿ ಹಲವು ವರ್ಷ ಲಾಂಚ್ ನಡೆಸಿ ಊರಿಗೆ ಮರಳಿರುವ ನನಗೆ ಬೋಟು ಕಟ್ಟುವ ದಕ್ಕೆಯಲ್ಲಿ ಆಗುವ ಫಜೀತಿಗಳಲ್ಲಿ ಅನೇಕವು ಈ ಒಂದು ಪ್ರಶ್ನೆಯನ್ನು ಕೇಳದೇ ಹೋದುದರಿಂದ ಆಗುತ್ತವೆ ಅನ್ನಿಸುತ್ತದೆ.

ಬೋಟಿನ ಹಿಂದೆ ನಿಂತು ನೋಡಿದಾಗ, ಮುಂದಕ್ಕೆ ಸಾಗುವಾಗ ಪ್ರದಕ್ಷಿಣವಾಗಿ ಸುತ್ತುವ ಫ್ಯಾನನ್ನು ಗಣಪತಿಯ ಸೊಂಡಿಲಿಗೆ ಹೇಳುವಂತೆ ಬಲಮುರಿ ಎನ್ನೋಣ, ಅದಕ್ಕೆ ಎದುರಾಗಿ ಸುತ್ತುವುದನ್ನು ಎಡಮುರಿ ಎನ್ನೋಣ. ಒಂದೇ ಎಂಜಿನ್‌ನ ಬೋಟಿಗೆ ಸಾಮಾನ್ಯವಾಗಿ ಬಲಮುರಿ ಫ್ಯಾನ್ ಇರುತ್ತದೆ. ಎಂಜಿನ್‌ನಿಂದ ಫ್ಯಾನಿಗೆ ಓರೆಯಾಗಿ ಇಳಿದ ಶಾಫ್ಟ್‌ನ (ದಂಡದ) ಬೋಟಿನಲ್ಲಿ ಅದನ್ನು ಹಿಂದಕ್ಕೆ ಹಾಕಿದರೆ ಬೋಟಿನ ಹಿಂಭಾಗ ನೆಟ್ಟಗೆ ಹಿಂದೆ ಸರಿಯದೆ ಎಡಕ್ಕೆ ಎಳೆಯುತ್ತದೆ. ಹಿಮ್ಮುಖವಾಗಿ ಚಿಮ್ಮಿದ ನೀರು ತಳದ ಒಂದು ಬದಿಗೆ ಹೆಚ್ಚಾಗಿ ಬಡಿಯುವುದು ಇದಕ್ಕೆ ಒಂದು ಕಾರಣ. ಬೋಟು ನಡೆಸುವ ನಮ್ಮ ತಾಂಡೇಲರಿಗೆ ಇದು ಅನುಭವದಿಂದ ಗೊತ್ತಿರುವ ಸಂಗತಿಯೇ.

ಎರಡು ಎಂಜಿನ್‌ಗಳ ಬೋಟಿನಲ್ಲಿ ಬಲಗಡೆ ಬಲಮುರಿ, ಎಡಗಡೆ ಎಡಮುರಿ ಫ್ಯಾನ್ ಹಾಕಿದರೆ ಈ ಎರಡು ಎಳೆತಗಳು ಒಂದನ್ನೊಂದು ರದ್ದುಗೊಳಿಸಿ ಬೋಟು ನೆಟ್ಟಗೆ ಹಿಂದೆ ಸರಿಯುತ್ತದೆ. ಅಷ್ಟೇ ಅಲ್ಲ, ಚುಕ್ಕಾಣಿಯನ್ನು ನಡುವೆ ಬಿಟ್ಟು ಎಡ ಎಂಜಿನ್ ಮುಂದಕ್ಕೆ, ಬಲ ಎಂಜಿನ್ ಹಿಂದಕ್ಕೆ ಹಾಕಿದಾಗ ಎರಡೂ ಫ್ಯಾನ್‌ಗಳು ಹಿಂಭಾಗವನ್ನು ಎಡಕ್ಕೇ ತಳ್ಳುವುದರಿಂದ ಬೋಟಿನ ಮೂತಿ ಬಲಕ್ಕೆ ತಿರುಗಿ, ಬೋಟು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಹಿಂದಕ್ಕೆ ಸುತ್ತುವ ಫ್ಯಾನಿಗೆ ಕಸುವು ಕಡಿಮೆಯಾದ್ದರಿಂದ ಅದಕ್ಕೆ ತುಸು ಹೆಚ್ಚು ವೇಗ ಕೊಡಬೇಕು, ಇಲ್ಲವಾದರೆ ಬೋಟು ತಿರುಗುತ್ತಲೇ ಮುಂದೆ ತೆವಳುತ್ತದೆ. ಇದೇನೂ ಹೊಸ ಜಾಣತನವಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಎಡಬಲದ ಎರಡು ಪ್ರೊಪೆಲ್ಲರ್‌ಗಳೂ ಪರಸ್ಪರ ಎದುರು ದಿಕ್ಕಿಗೇ ಸುತ್ತುತ್ತಿದ್ದವು.

ಎರಡೂ ಬಲಮುರಿಯಾಗಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ನಾಚಿಕೆಪಟ್ಟುಕೊಂಡು. ಅಂಥದೊಂದು ಲಾಂಚನ್ನು ಮಾಲೀಕರು ನನಗೆ ಒಪ್ಪಿಸಿದ್ದರು. ಬಲಕ್ಕೆ ಅದು ಹೂವಿನಂತೆ ತಿರುಗುತ್ತಿತ್ತು, ಎಡಕ್ಕೆ ತಿರುಗಿಸಲು ಹೋದರೆ ಹಟ ಹಿಡಿಯುತ್ತಿತ್ತು. ಒಂದು ಸಂಜೆ ಬಲ ಎಂಜಿನ್ ಕೆಟ್ಟು ನಿಂತಿತು. ಎಡ ಎಂಜಿನ್ ಒಂದರಿಂದಲೇ ಬಂದು, ಬಲ ಮಗ್ಗುಲನ್ನು ದಕ್ಕೆಗೆ ಕೊಟ್ಟು, ಹಿಂಭಾಗ ಒಳಗೆ ಬರಲೆಂದು ಹಿಂದಕ್ಕೆ ಹಾಕಿದೆ. ನನ್ನ ಲೆಕ್ಕ ತಪ್ಪಿರಲಿಲ್ಲ: ಎಡಗಡೆಯಲ್ಲಿರುವ ಎಂಜಿನ್ ಹಿಂದಕ್ಕೆ ಎಳೆದಾಗ ಹಿಂಭಾಗ ಬಲಕ್ಕೆ, ಅಂದರೆ ದಕ್ಕೆಯ ಕಡೆಗೆ, ಬರಬೇಕು. ಆದರೆ ಆ ಫ್ಯಾನು ಎಡಮುರಿಯಾಗಿರದೆ ಬಲಮುರಿಯಾಗಿದ್ದುದರಿಂದ ಅದರ ಎಡದೆಳೆತ ಈ ಲೆಕ್ಕಕ್ಕೆ ಅಡ್ಡ ನಿಂತು, ಲಾಂಚಿನ ಹಿಂಭಾಗ ದಕ್ಕೆಯಿಂದ ದೂರವೇ ಉಳಿಯಿತು, ಮೂತಿ ಹೋಗಿ ಕಂಬಕ್ಕೆ ಗುದ್ದಿತು. ಜನರಿಗೆ ಏನೂ ಆಗಲಿಲ್ಲ, ಹಲಗೆ ಸೀಳಿತು.

ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ಗಳ ವಿಷಯದಲ್ಲಿ ಈ ಮಾತನ್ನು ಸ್ವಲ್ಪ ತಿದ್ದಿ ಹೇಳಬೇಕು. ಅವುಗಳಲ್ಲಿ ಪಕ್ಕಕ್ಕೆ ಎಳೆಯುವ ಗುಣ ಕಡಿಮೆ, ಎರಡೂ ಎಂಜಿನ್‌ಗಳು ಹತ್ತಿರ ಹತ್ತಿರ ಕೂತಿರುವುದರಿಂದ ಗಿರಕಿ ಹೊಡೆಸುವ ಬಲವೂ ಶಾಫ್ಟ್ ಬೋಟಿನಷ್ಟು ಇರುವುದಿಲ್ಲ. ಆದರೆ ವೇಗ ಏರಿದಾಗ ಎರಡು ಬಲಮುರಿಗಳು ಸೇರಿ ಬೋಟನ್ನು ಎಡಕ್ಕೆ ವಾಲಿಸುತ್ತವೆ, ಸ್ಟೇರಿಂಗನ್ನು ಒಂದು ಕಡೆಗೆ ಎಳೆಯುತ್ತವೆ. ಸಣ್ಣ ಅಶ್ವಶಕ್ತಿಯ ಎಂಜಿನ್‌ಗಳಲ್ಲಿ ಎಡಮುರಿ ಸಿಗುವುದು ಅಪರೂಪ, ಎರಡೂ ಒಂದೇ ಬಗೆಯದಾದರೆ ಒಂದೇ ಫ್ಯಾನನ್ನು ಎರಡಕ್ಕೂ ಹೆಚ್ಚುವರಿಯಾಗಿ ಇಟ್ಟುಕೊಳ್ಳಬಹುದು ಎಂಬ ಮಾಲೀಕರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಾಗಿದ್ದಲ್ಲಿ ತನ್ನ ಬೋಟು ಯಾವ ಕಡೆಗೆ ಸುಲಭವಾಗಿ ತಿರುಗುತ್ತದೆ, ಯಾವ ಕಡೆಗೆ ಇಲ್ಲ ಎಂಬುದು ಚಾಲಕನಿಗೆ ಬಾಯಿಪಾಠವಾಗಿರಬೇಕು, ಅಷ್ಟೆ.

ಒಂದು ಬಲಮುರಿ, ಒಂದು ಎಡಮುರಿ ಎಂದು ಜೋಡಿ ಸರಿಯಾಗಿರುವ ಬೋಟುಗಳಲ್ಲಿ ಇನ್ನೊಂದು ತೊಂದರೆಯಿದೆ. ಬಲೆಯ ದಾರ ಸುತ್ತಿಕೊಂಡಿತೆಂದು ಎರಡೂ ಫ್ಯಾನ್ ಬಿಚ್ಚಿದವರು ಮರಳಿ ಹಾಕುವಾಗ ಅದಲುಬದಲು ಮಾಡಿದರೆ, ಗೇರನ್ನು ಮುಂದಕ್ಕೆ ಹಾಕಿದಾಗ ಬೋಟು ಹಿಂದಕ್ಕೆ ಓಡುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಫ್ಯಾನನ್ನು ನೆಲದ ಮೇಲೆ ಮಟ್ಟಸವಾಗಿ ಮಲಗಿಸಿ ಪಕ್ಕದಿಂದ ನೋಡಿದಾಗ, ಎದುರಿನ ಎಸಳು ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಏರಿದ್ದರೆ ಅದು ಬಲಮುರಿ.

1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಹಡಗಿನ ತಪಾಸಣೆ, ನೋಂದಣಿಗಳ ಜೊತೆಗೆ ಸಿಬ್ಬಂದಿಯ ಅರ್ಹತೆಯ ವಿಷಯವೂ ಸೇರಿದೆ. ಎರಡು ಎಂಜಿನ್‌ಗಳ ಬೋಟು ನಡೆಸುವವರಿಗೆ ಅರ್ಹತಾಪತ್ರ ಕೊಡುವ ಮುನ್ನ, ಪರೀಕ್ಷಕರು ಅವರನ್ನು ಅದೇ ಬಗೆಯ ಬೋಟಿನಲ್ಲಿ ಕೂರಿಸಿ, ಮೊದಲು ಎಡ ಎಂಜಿನ್ ಆರಿಸಿ ಒಮ್ಮೆ, ಆಮೇಲೆ ಬಲ ಎಂಜಿನ್ ಆರಿಸಿ ಇನ್ನೊಮ್ಮೆ ದಕ್ಕೆಗೆ ತರಿಸಬೇಕೆಂದು ಸಂಬಂಧಪಟ್ಟ ಇಲಾಖೆಯವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ನದಿಯ ಹರಿವು ಮತ್ತು ಭರತದ ನೀರು ಎದುರುಬದುರಾಗುವ ಗಂಗೊಳ್ಳಿಯಂಥ ಅಳಿವೆಯಲ್ಲಿ, ಖಾಲಿ ಬೋಟಿನಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯುವ ಪರೀಕ್ಷೆ ಅದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲಾಂಚ್ ಚಾಲಕ, ಕುಂದಾಪುರ