ಹೃದಯದ ಚಿತ್ರ ಬರುತ್ತದೆ, ನಾಡಿ ಹಿಡಿಯೋದು ಬರಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಶರಣು.

ನಾನು ನಿಮ್ಮ ಕ್ಷೇತ್ರದ ಮತದಾರ. ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸಣ್ಣ ರಕ್ತ ಪರೀಕ್ಷೆ ಲ್ಯಾಬ್ ಇಟ್ಟುಕೊಂಡಿದ್ದೇನೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ರಸ್ತೆ, ಚರಂಡಿ, ಪಿಂಚಣಿ ಅಂತ ಬೆಳಗಾದರೆ ನಿಮ್ಮ ಮನೆ ಮುಂದೆ ಜನ ನಿಂತಿರುತ್ತಾರೆ. ನನ್ನ ಅರ್ಜಿ ಜೀವಶಾಸ್ತ್ರದ ಬಗ್ಗೆ. ನಗಬೇಡಿ, ಪೂರ್ತಿ ಓದಿ.

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. 2025ರಲ್ಲಿ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು. ಆಮೇಲೆ ಸಭೆ ಮೇಲೆ ಸಭೆ. ಸಭೆಯಲ್ಲಿ ಏನೇ ಮಾತಾಡಲಿ, ಶಾಲೆಗೆ ಬಂದು ಮುಟ್ಟುವುದು ಮಾತ್ರ ಪಾಸಿಂಗ್ ಪ್ಯಾಕೇಜ್. ಪಾಠ ಪೂರ್ತಿ ಬೇಡ, ಬರುವ ಪ್ರಶ್ನೆ ಇಷ್ಟೇ, ಚಿತ್ರ ಇಷ್ಟೇ, ಬಾಯಿಪಾಠ ಮಾಡಿ, ಬರೆದು ಬರೆದು ಕೈಗೆ ರೂಢಿ ಮಾಡಿಕೊಳ್ಳಿ ಅನ್ನುವ ವ್ಯವಸ್ಥೆ. ವಿಜ್ಞಾನದಲ್ಲಿ ಹೃದಯ, ಮೂತ್ರಪಿಂಡದೊಳಗಿನ ಸೋಸುವ ನಳಿಕೆ ನೆಫ್ರಾನ್, ಹೂವಿನ ಸೀಳಿಕೆ. ಅಂದವಾದ ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕ ಗ್ಯಾರಂಟಿ. ಮೇಷ್ಟ್ರುಗಳನ್ನು ನಾನು ಬೈಯುತ್ತಿಲ್ಲ. ಫಲಿತಾಂಶ ಬೀಳ್ತು ಅಂದರೆ ನೋಟಿಸ್ ಬರುವುದು ಅವರಿಗೇ ಅಲ್ವಾ?

ಒಂದು ಭಾನುವಾರ ಮಗಳ ಗೆಳತಿಯರು ನಮ್ಮ ಮನೆಗೆ ಓದಲು ಬಂದಿದ್ದರು. ಎಲ್ಲರ ನೋಟ್‌ಬುಕ್ಕಿನಲ್ಲೂ ಹೃದಯದ ಚಿತ್ರ ಮುದ್ದಾಗಿತ್ತು. ಎಡಗಡೆ ಕೆಂಪು, ಬಲಗಡೆ ನೀಲಿ. "ನಾಡಿ ಹಿಡಿದು ತೋರಿಸ್ರಿ" ಅಂದೆ. ಹೆಬ್ಬೆರಳಿನಿಂದ ಮಣಿಕಟ್ಟಿನ ತುಂಬ ಹುಡುಕಾಡಿದರು. ಹೆಬ್ಬೆರಳಿನಲ್ಲೇ ನಾಡಿ ಬಡಿಯುತ್ತದೆ, ಅದರಿಂದ ಹಿಡಿದರೆ ಎಣಿಕೆ ತಪ್ಪುತ್ತದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. "ಬಲಗಡೆ ರಕ್ತ ಯಾವ ಬಣ್ಣದ್ದು?" ಅಂದೆ. "ನೀಲಿ ರೀ" ಅಂದರು, ಒಕ್ಕೊರಲಿನಿಂದ.

ಸಾಹೇಬ್ರೇ, ನಾನು ದಿನಾ ತೆಗೆಯುವುದು ಅದೇ ರಕ್ತ. ಆಮ್ಲಜನಕ ಕೊಟ್ಟು ವಾಪಸ್ ಹೃದಯಕ್ಕೆ ಹೊರಟ ರಕ್ತ, ಅಭಿಧಮನಿಯದು. ಕಡುಗೆಂಪು ಇರುತ್ತದೆ, ನೀಲಿ ಎಂದೂ ಇರಲ್ಲ. ಪುಸ್ತಕದಲ್ಲಿ ನೀಲಿ ಬಳಿದಿರುವುದು ಗುರುತಿಗೆ ಮಾತ್ರ. ಹತ್ತನೇ ತರಗತಿಯ ಮಕ್ಕಳಿಗೆ ಈ ಅನುಮಾನವೇ ಬಂದಿಲ್ಲ, ಯಾಕಂದರೆ ಪ್ರಶ್ನೆಪತ್ರಿಕೆ ಅದನ್ನು ಕೇಳಲ್ಲ. ಗಿಡದ ವಿಷಯದಲ್ಲೂ ಹೀಗೇ. ಗಿಡ ಹಗಲು ಇಂಗಾಲದ ಡೈಆಕ್ಸೈಡ್ ತಗೊಳ್ಳುತ್ತೆ, ರಾತ್ರಿ ಮಾತ್ರ ಉಸಿರಾಡುತ್ತೆ ಅನ್ನುತ್ತಾರೆ. ಗಿಡ ಹಗಲೂ ಉಸಿರಾಡುತ್ತದೆ, ರಾತ್ರಿಯೂ ಉಸಿರಾಡುತ್ತದೆ. ಹಗಲು ಆಹಾರ ತಯಾರಿಸುವ ಕೆಲಸ ಜೋರಾಗಿರುವುದರಿಂದ ಉಸಿರಾಟ ನಮಗೆ ಗೊತ್ತಾಗಲ್ಲ, ಅಷ್ಟೇ. ಬೇಕಿದ್ದರೆ ನಿಮ್ಮ ಪಿಎ ಅವರನ್ನು ಕೇಳಿ ನೋಡಿ, ದೊಡ್ಡವರಲ್ಲೂ ಅರ್ಧ ಜನ ತಪ್ಪೇ ಹೇಳುತ್ತಾರೆ.

ನಮ್ಮದು ತೊಗರಿ ಕಣಜ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಶಾಲೆಯ ಕಾಂಪೌಂಡ್ ದಾಟಿದರೆ ಹೊಲ. ಅಲ್ಲಿ ಬಿದ್ದಿರುವ ಪ್ರಯೋಗಾಲಯ ಯಾರ ಕಣ್ಣಿಗೂ ಬೀಳುತ್ತಿಲ್ಲ. ಬಿತ್ತಿ ಒಂದೂವರೆ, ಎರಡು ತಿಂಗಳಾದ ತೊಗರಿ ಗಿಡವನ್ನು ಕಿತ್ತರೆ ಆಗಲ್ಲ, ಕರಿ ಮಣ್ಣು ಬೇರನ್ನು ಹರಿದುಬಿಡುತ್ತದೆ. ಸಲಿಕೆಯಿಂದ ಸುತ್ತ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಯಲು ಬಿಡಬೇಕು. ಮಣ್ಣು ತಾನಾಗಿ ಕರಗುತ್ತದೆ. ಬೇರಿನ ಮೇಲೆ ಜೋಳದ ಕಾಳಿನಷ್ಟು ಗಂಟು ಕಾಣುತ್ತವೆ. ಒಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿದರೆ ಒಳಗೆ ತಿಳಿಗೆಂಪು.

ಆ ಕೆಂಪು ಏನು ಗೊತ್ತಾ? ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ. ಎರಡರಲ್ಲೂ ಕಬ್ಬಿಣ ಇದೆ, ಎರಡೂ ಆಮ್ಲಜನಕ ಹಿಡಿಯುತ್ತವೆ. ಗಂಟಿನೊಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ಜಾಸ್ತಿಯಾದರೆ ಕೆಟ್ಟುಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಮಾತ್ರ ಆಮ್ಲಜನಕ ಬೇಕೇ ಬೇಕು. ಹಾಗಾಗಿ ಬಿಡುವಷ್ಟೇ ಬಿಟ್ಟು ಮಿಕ್ಕಿದ್ದನ್ನು ಹಿಡಿದಿಡಲು ಈ ಕೆಂಪು ಪ್ರೋಟೀನು. ಗಂಟಿನ ಒಳಗೆ ಬೆಳ್ಳಗೋ ಹಸಿರೋ ಇದ್ದರೆ ಕೆಲಸ ನಡೆದಿಲ್ಲ ಅಂತ ಅರ್ಥ. ಗಿಡದ ಪಾಠ ಬೇರೆ, ಮನುಷ್ಯನ ಪಾಠ ಬೇರೆ ಅಂದುಕೊಂಡ ಹುಡುಗಿ ಇದನ್ನು ಒಂದು ಸಲ ನೋಡಿದರೆ ಸಾಕು, ಎರಡೂ ತಲೆಯಲ್ಲಿ ಕೂತುಬಿಡುತ್ತವೆ. ಖರ್ಚು ಒಂದು ಬ್ಲೇಡಿನದು.

ಕ್ಸೈಲಂ ಪಾಠಕ್ಕೂ ನಮ್ಮ ಹೊಲವೇ ಸಾಕ್ಷಿ. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿದ್ದು, ಸರ್ಕಾರ ಪರಿಹಾರ ಘೋಷಿಸಿದ್ದು ನಿಮಗೆ ನೆನಪಿರುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಸಾಗಿಸುವ ಕ್ಸೈಲಂ ಕೊಳವೆಗಳನ್ನೇ ಕಟ್ಟಿಬಿಡುತ್ತದೆ. ಒಣಗಿದ ಗಿಡದ ಕಾಂಡ ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಗೆರೆ. ನೆಲದಲ್ಲಿ ನೀರಿದ್ದರೂ ಗಿಡ ಬಾಯಾರಿ ಸತ್ತಿರುತ್ತದೆ. ಅಪ್ಪನ ಬೆಳೆ ಹೋಗಿದ್ದನ್ನು ಕಣ್ಣಾರೆ ಕಂಡ ಹುಡುಗ ಪರೀಕ್ಷೆಯಲ್ಲಿ "ಕ್ಸೈಲಂನ ಕಾರ್ಯವೇನು?" ಎಂಬುದಕ್ಕೆ ಒಂದು ಸಾಲು ಬರೆದು ಎದ್ದು ಬರುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಅವನಿಗೆ ಗೊತ್ತೇ ಇಲ್ಲ.

ಈಗ ನನ್ನ ಟೇಬಲ್ಲಿಗೆ ಬರುತ್ತೇನೆ. ನನಗೆ ಈ ಪತ್ರ ಬರೆಸಿದ್ದು ಇದೇ. ಹೆಣ್ಣುಮಕ್ಕಳ ಹಿಮೋಗ್ಲೋಬಿನ್ 100 ಮಿಲಿ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇರಬಾರದು. ನನ್ನಲ್ಲಿಗೆ ಬರುವ ಹೈಸ್ಕೂಲ್ ಹುಡುಗಿಯರಲ್ಲಿ 8, 9 ನೋಡುವುದು ನನಗೆ ಹೊಸದಲ್ಲ. ತಲೆ ತಿರುಗುತ್ತೆ, ಮೆಟ್ಟಿಲು ಹತ್ತಿದರೆ ದಮ್ಮು, ಓದಿದ್ದು ತಲೆಗೆ ಹೋಗಲ್ಲ ಅಂತ ಬರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆ ನೋಡಿದರೆ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರೆ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ನುಂಗುವವರು ಬೇಕಲ್ಲ? "ಗುಳಿಗಿ ತಗೊಂಡ್ರ ಹೊಟ್ಟಿ ತೊಳಸ್ತದ್ರಿ, ಕರ್ರಗ ಹೋಗ್ತದ್ರಿ" ಅಂತ ಒಬ್ಬಳು ಹೇಳಿದಳು. ಕಿಟಕಿಯಿಂದ ಎಸೆಯುತ್ತಿದ್ದಳಂತೆ.

ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುತ್ತದೆ, ಅದರಿಂದ ಅಪಾಯ ಇಲ್ಲ. ಊಟ ಆದ ಮೇಲೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಗುಳಿಗೆ ನುಂಗಿದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಹಿಡಿಯಲ್ಲ. ರಾಜಗಿರಿ ಪಲ್ಯದ ಮೇಲೆ ಲಿಂಬೆ ಹಿಂಡಿಕೊಂಡರೆ ಜಾಸ್ತಿ ಹಿಡಿಯುತ್ತದೆ. ಬರಿಗಾಲಲ್ಲಿ ಬಯಲಿಗೆ ಹೋದರೆ ಕೊಕ್ಕೆಹುಳ ಪಾದದ ಚರ್ಮದಿಂದ ಒಳಹೊಕ್ಕು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ, ಹಳೆಯವು ಹೋಗಿ ಹೊಸವು ತುಂಬಲು ಸಮಯ ಬೇಕು, ಹಾಗಾಗಿ ನಾಲ್ಕು ಗುಳಿಗೆ ನುಂಗಿ ಫಲ ಕಾಣಲಿಲ್ಲ ಅಂತ ಬಿಡಬಾರದು. ಇದೆಲ್ಲ ದೊಡ್ಡ ವಿದ್ಯೆಯಲ್ಲ, ಪೌಷ್ಟಿಕತೆ ಮತ್ತು ರಕ್ತಪರಿಚಲನೆಯ ಪಾಠವೇ. ಪಾಠ ಅರ್ಥವಾಗಿದ್ದರೆ ಗುಳಿಗೆ ಕಿಟಕಿ ದಾಟುತ್ತಿರಲಿಲ್ಲ.

ಸಂತಾನೋತ್ಪತ್ತಿಯ ಪಾಠದ ಕಥೆ ಇನ್ನೂ ಚಿಕ್ಕದು. "ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋಗುತ್ತಾರೆ. ಪ್ಯಾಕೇಜಿನಲ್ಲಿ ಹೂವಿನ ಚಿತ್ರ ಇರುತ್ತದೆ, ಸಾಕು. ಆ ಕಡೆ ನನ್ನ ಲ್ಯಾಬಿಗೆ ಸೊಸೆಯನ್ನು ಕರೆದುಕೊಂಡು ಬಂದ ಅತ್ತೆ "ಮೂರೂ ಹೆಣ್ಣೇ ಹಡದಾಳ್ರಿ" ಅಂತ ಅವಳೆದುರೇ ಅನ್ನುತ್ತಾಳೆ. ಮಗು ಹೆಣ್ಣೋ ಗಂಡೋ ಅಂತ ತೀರ್ಮಾನಿಸುವ ವರ್ಣತಂತುಗಳಲ್ಲಿ ತಾಯಿ ಕೊಡುವುದು ಯಾವಾಗಲೂ ಎಕ್ಸ್. ಎಕ್ಸೋ ವೈಯೋ ಬರುವುದು ತಂದೆಯಿಂದ; ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಅನುವಂಶೀಯತೆಯ ಪಾಠದಲ್ಲಿ ಇದು ಇದೆ. ಮುಂದೆ ಅತ್ತೆ, ಮಾವ, ಗಂಡ ಆಗುವವರೆಲ್ಲ ಅದೇ ಬೆಂಚಿನಲ್ಲಿ ಕೂತಿದ್ದಾರೆ.

ಇಷ್ಟಕ್ಕೂ ಶಾಲೆಯಲ್ಲಿ ಸಾಮಾನು ಇಲ್ಲ ಅಂತಲ್ಲ. ನಾನು ಕಂಡ ಒಂದು ಶಾಲೆಯಲ್ಲಿ ಸೂಕ್ಷ್ಮದರ್ಶಕ ಅಲಮಾರಿಯಲ್ಲಿದೆ. ಕೀಲಿ ಹೆಡ್‌ಮಾಸ್ಟರ್ ಹತ್ತಿರ. ಹೊರಗೆ ತೆಗೆದರೆ ಒಡೆಯುತ್ತದೆ, ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಲೆಕ್ಕ ಕೊಡಬೇಕು, ಕೈಯಿಂದ ಕಟ್ಟಬೇಕು ಅನ್ನುವ ಹೆದರಿಕೆ. ವರ್ಷಗಟ್ಟಲೆ ತೆಗೆಯದೆ ಲೆನ್ಸಿನಲ್ಲಿ ಬೂಷ್ಟು ಕೂತಿದೆ. ಗೋಡೆ ಮೇಲೆ ಸ್ಮಾರ್ಟ್ ಕ್ಲಾಸಿನ ದೊಡ್ಡ ಪರದೆ ಇದೆ, ಅದಕ್ಕೊಂದು ಹೊದಿಕೆ. ಅದರಲ್ಲಿ ವಿಡಿಯೋ ನೋಡಿದರೆ ತಪ್ಪಲ್ಲ. ಆದರೆ ತೊಗರಿ ಎಲೆಯ ಕೆಳಬದಿಗೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋ ಟೇಪಿನಿಂದ ಕಿತ್ತು, ಗಾಜಿನ ಮೇಲೆ ಅಂಟಿಸಿ ಪತ್ರರಂಧ್ರದ ಅಚ್ಚನ್ನು ತಾನೇ ನೋಡಿದ ಹುಡುಗಿಗೆ ಯಾವ ಪರದೆಯೂ ಬೇಡ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಕ್ಷೇತ್ರದ ಪ್ರತಿ ಸರ್ಕಾರಿ ಹೈಸ್ಕೂಲಿಗೆ ವಿದ್ಯಾರ್ಥಿಗಳು ಬಳಸುವಂಥ ಎರಡು ಸೂಕ್ಷ್ಮದರ್ಶಕ, ಒಂದಿಷ್ಟು ಸ್ಲೈಡ್, ಅಯೋಡಿನ್, ಸ್ಪಿರಿಟ್ ಕೊಡಿಸಿ. ನಾಲ್ಕೈದು ಸಾವಿರಕ್ಕೆ ಒಂದು ಸೂಕ್ಷ್ಮದರ್ಶಕ ಬರುತ್ತದೆ. ಸರ್ಕಲ್ಲಿಗೊಂದು ಹೈಮಾಸ್ಟ್ ದೀಪ ಹಾಕುವ ಹಣದಲ್ಲಿ ಎಷ್ಟು ಶಾಲೆ ಮುಗಿಯುತ್ತವೆ ಅಂತ ನೀವೇ ಲೆಕ್ಕ ಹಾಕಿ. ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮಕ್ಕಳು ಬಳಸುವಾಗ ಒಡೆದದ್ದಕ್ಕೆ ಮೇಷ್ಟ್ರ ಜೇಬಿಗೆ ಕೈ ಹಾಕುವುದಿಲ್ಲ ಅಂತ ಇಲಾಖೆಯಿಂದ ಬರಹದಲ್ಲಿ ಕೊಡಿಸಿ. ಅಲಮಾರಿ ತಾನೇ ತೆರೆಯುತ್ತದೆ. ಸಂತಾನೋತ್ಪತ್ತಿಯ ಪಾಠದ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಶಾಲೆಗೆ ಬರಲಿ, ಅವರಿಗೆ ಸಂಕೋಚ ಇಲ್ಲ. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಅದನ್ನು ಒಳಗೆ ಹೋಗಿ ನೋಡದ ಹಳ್ಳಿ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವರ್ಷಕ್ಕೊಂದು ಸಲ ಬಸ್ ಮಾಡಿಸಿ.

ಮುಂದಿನ ಪರಿಶೀಲನಾ ಸಭೆಯಲ್ಲಿ ಶೇಕಡಾವಾರು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ: ಈ ತಿಂಗಳು ಯಾವ ಶಾಲೆಯಲ್ಲಿ ಯಾವ ಪ್ರಯೋಗ ಮಕ್ಕಳ ಕೈಯಿಂದ ಆಯಿತು? ನೀವು ಕೇಳಿದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಕೇಳುತ್ತಾರೆ, ಬಿಇಒ ಕೇಳಿದರೆ ಶಾಲೆಯಲ್ಲಿ ಆಗುತ್ತದೆ. ನಮ್ಮ ವ್ಯವಸ್ಥೆ ನಡೆಯೋದೇ ಹಾಗೆ.

ರಕ್ತಗುಂಪು, ಹಿಮೋಗ್ಲೋಬಿನ್ ಮಾಡಿ ತೋರಿಸಲು ಯಾವ ಶಾಲೆ ಕರೆದರೂ ನಾನು ಸಾಮಾನು ತಗೊಂಡು ಬರುತ್ತೇನೆ, ದುಡ್ಡು ಬೇಡ. ಆದರೆ ಕೆಲಸ ಆಗಸ್ಟ್ ಒಳಗೆ ಶುರುವಾಗಲಿ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಬೇರಿನ ಗಂಟುಗಳು ಸೊರಗುತ್ತವೆ, ಆಮೇಲೆ ಅಗೆದರೆ ಮಕ್ಕಳಿಗೆ ತೋರಿಸಲು ಏನೂ ಉಳಿದಿರಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಲ್ಯಾಬ್ ಟೆಕ್ನಿಷಿಯನ್, ಹತ್ತನೇ ತರಗತಿ ಹುಡುಗಿಯ ತಂದೆ
ಕಲಬುರಗಿ ಜಿಲ್ಲೆ