ಹೈಸ್ಕೂಲ್ ಮೈದಾನ ಬಿಡಿಸಿಕೊಡಿ: ಪಂಚಾಯತಕ್ಕೆ ಊರವರ ಮನವಿ

ಇವರಿಗೆ,
ಅಧ್ಯಕ್ಷರು, ಸದಸ್ಯರು ಮತ್ತು ಪಿಡಿಒ ಅವರು,
ಗ್ರಾಮ ಪಂಚಾಯತ, ಕಾರವಾರ ತಾಲ್ಲೂಕು

ಇಂದ: ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು, ಪಾಲಕರು ಮತ್ತು ಊರವರು

ವಿಷಯ: ಹೈಸ್ಕೂಲ್ ಮೈದಾನ ತೆರವು ಮಾಡಿ, ಸಮತಟ್ಟು ಮಾಡಿಕೊಡುವ ಬಗ್ಗೆ

ಮಾನ್ಯರೇ,

ಈ ವರ್ಷ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ನಮ್ಮ ಹೈಸ್ಕೂಲಿನಿಂದ ಫುಟ್‌ಬಾಲ್ ತಂಡ ಹೋಗಲೇ ಇಲ್ಲ. ಹೋಗಿ ಸೋತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆಟ ಅಂದಮೇಲೆ ಸೋಲು ಇದ್ದದ್ದೇ. ಆದರೆ ಹನ್ನೊಂದು ಮಕ್ಕಳನ್ನು ಒಟ್ಟು ಮಾಡಿ ಕಳಿಸಲಿಕ್ಕೂ ಆಗಲಿಲ್ಲ ಅನ್ನುವುದು ಬೇರೆ ಮಾತು.

ಒಂದು ಕಾಲಕ್ಕೆ ಕಾಳಿ ನದಿಯ ಈ ದಂಡೆಯಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಹೈಸ್ಕೂಲ್. ಗೋವಾ ಗಡಿ ಹತ್ತಿರವೇ ಇರುವುದರಿಂದ ಕಾಣಕೋಣದ ಕಡೆಯ ಹುಡುಗರೂ ಇಲ್ಲಿಗೆ ಆಡಲು ಬರುತ್ತಿದ್ದರು. ಮಳೆಗಾಲದಲ್ಲಿ ಮೀನು ಹಿಡಿಯುವ ಬೋಟುಗಳಿಗೆ ಬಂದ್ ಇದ್ದಾಗ ಅಪ್ಪಂದಿರೆಲ್ಲ ಊರಲ್ಲೇ ಇರುತ್ತಿದ್ದರು. ಸಂಜೆ ಕೊಡೆ ಹಿಡಿದು ಪಾಗಾರದ ಪಕ್ಕ ನಿಂತು, ಯಾರ ಮಗ ಪಾಸ್ ಕೊಡಲಿಲ್ಲ ಅಂತ ಜಗಳ ಆಡುತ್ತಿದ್ದರು. ಅಂದು ಗೆದ್ದ ಶೀಲ್ಡುಗಳು ಹೆಡ್ ಮಾಸ್ತರ ಕೋಣೆಯ ಕಪಾಟಿನಲ್ಲಿ ಇವತ್ತಿಗೂ ಇವೆ. ಅವುಗಳ ಮುಂದೆ ಬಿಸಿಯೂಟದ ರಿಜಿಸ್ಟರುಗಳ ರಾಶಿ.

ಈಗಿನ ಮಕ್ಕಳಿಗೆ ಮೊಬೈಲ್ ಸಾಕು, ಆಟ ಬೇಡ ಅಂತ ಕೆಲವರು ಹೇಳುತ್ತಾರೆ. ಸುಮ್ನೆ ಹೇಳುವ ಮಾತು ಅದು. ಸಂಜೆ ಇಳಿತ ಇದ್ದಾಗ ಸಮುದ್ರದ ದಂಡೆಗೆ ಒಮ್ಮೆ ಹೋಗಿ ನೋಡಿ. ಇದೇ ಮಕ್ಕಳು ಚಪ್ಪಲಿ ಜೋಡಿಸಿ ಗೋಲು ಮಾಡಿಕೊಂಡು ಕತ್ತಲಾಗುವವರೆಗೆ ಆಡುತ್ತಿರುತ್ತಾರೆ. 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ಊರಲ್ಲಿ ಪಟಾಕಿ ಹೊಡೆದವರೂ ಇವರೇ.

ತೊಂದರೆ ಇರುವುದು ದಂಡೆಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ. ಹೊಯ್ಗೆ ಮೇಲೆ ಚೆಂಡು ಉರುಳುವುದಿಲ್ಲ, ಒದ್ದಲ್ಲೇ ನಿಲ್ಲುತ್ತದೆ. ಹಾಗಾಗಿ ನಮ್ಮ ಮಕ್ಕಳಿಗೆ ಚೆಂಡನ್ನು ಎತ್ತಿ ಹೊಡೆಯುವುದು ಗೊತ್ತು, ನೆಲಕ್ಕೆ ತಾಗಿಸಿ ಪಾಸ್ ಮಾಡುವುದು ಗೊತ್ತಿಲ್ಲ. ಶಾಲಾ ಪಂದ್ಯಗಳು ಬರುವುದು ಮಳೆಗಾಲದಲ್ಲಿ. ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿ ಓಡುತ್ತದೆ, ಇವರು ಅದರ ಹಿಂದೆ ಓಡುತ್ತಾರೆ. ಪಂದ್ಯದಲ್ಲಿ ಬೂಟು, ಶಿನ್ ಗಾರ್ಡ್ ಕಡ್ಡಾಯ. ವರ್ಷವಿಡೀ ಬರಿಗಾಲಲ್ಲಿ ಆಡಿದವರು ಪಂದ್ಯದ ದಿನ ಯಾರದೋ ಬೂಟು ಹಾಕಿಕೊಂಡು ಇಳಿದರೆ ಅರ್ಧ ಆಟಕ್ಕೇ ಹಿಮ್ಮಡಿಯಲ್ಲಿ ಬೊಕ್ಕೆ. ಕಳೆದ ವರ್ಷ ನಮ್ಮ ತಂಡ ಮೊದಲ ಪಂದ್ಯದಲ್ಲೇ ಸೋತು ಬಂದದ್ದು ಹೀಗೆ.

ಹಾಗಾದರೆ ಶಾಲೆಯ ಮೈದಾನದಲ್ಲೇ ಯಾಕೆ ಆಡುವುದಿಲ್ಲ? ದಯವಿಟ್ಟು ಒಮ್ಮೆ ಬಂದು ನೋಡಿ. ಪೂರ್ವದ ಮೂಲೆಯಲ್ಲಿ ಕುಡಿಯುವ ನೀರಿನ ಟ್ಯಾಂಕ್ ಬಂತು. ಊರಿಗೆ ನೀರು ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದರ ವಾಲ್ವಿನ ಗುಂಡಿಯನ್ನು ಆಟದ ಗೆರೆಯ ಒಳಗೇ ಕಟ್ಟಿದ್ದಾರೆ. ಕಾಂಕ್ರೀಟ್ ಮುಚ್ಚಳ ನೆಲದಿಂದ ಗೇಣುದ್ದ ಮೇಲಿದೆ. ಅದಕ್ಕೆ ಎಡವಿ ಮೊಣಕಾಲು ಒಡೆದುಕೊಂಡ ಮಕ್ಕಳು ಮನೆಮನೆಯಲ್ಲೂ ಇದ್ದಾರೆ. ರಸ್ತೆ ಕೆಲಸಕ್ಕೆ ತಂದ ಜಲ್ಲಿ, ಉಳಿದ ಚಿರೆಕಲ್ಲು ಗೋಲಿನ ಹಿಂದೆ ರಾಶಿ ಬಿದ್ದಿದೆ. ಕೆಲಸ ಮುಗಿದು ಎಷ್ಟೋ ಕಾಲವಾಯಿತು, ರಾಶಿಯ ಮೇಲೆ ಗಿಡ ಬೆಳೆದಿದೆ. ಮದುವೆ ಪೆಂಡಾಲಿನವರು ಕಂಬಕ್ಕೆ ತೋಡಿದ ಗುಂಡಿ ಮುಚ್ಚುವುದಿಲ್ಲ. ಗೋಲ್ ಪೋಸ್ಟಿನ ಪೈಪು ಉಪ್ಪುಗಾಳಿಗೆ ಬುಡದಲ್ಲೇ ತುಕ್ಕು ಹಿಡಿದು ಮುರಿದಿದೆ.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ನೀರಿನದು. ಹೊಸ ರಸ್ತೆಯನ್ನು ಎತ್ತರ ಮಾಡಿದರು, ಆದರೆ ಮೋರಿ ಇಡಲಿಲ್ಲ. ಮೊದಲು ಗಟಾರದಲ್ಲಿ ಹರಿದು ಹೋಗುತ್ತಿದ್ದ ಮಳೆ ನೀರು ಈಗ ಮೈದಾನಕ್ಕೇ ನುಗ್ಗುತ್ತದೆ. ಜೂನ್‌ನಿಂದ ಚೌತಿಯವರೆಗೆ ಅದು ಮೈದಾನ ಅಲ್ಲ, ನಾಟಿಗೆ ತಯಾರಾದ ಗದ್ದೆ. ಮಕ್ಕಳಿಗೆ ಪ್ರಾಕ್ಟೀಸ್ ಬೇಕಾದ ತಿಂಗಳುಗಳೂ ಅವೇ ಅಲ್ವಾ?

ಫುಟ್‌ಬಾಲ್ ಅಂಗಣ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಇರಬೇಕು. ನಮ್ಮಲ್ಲಿ ಅಷ್ಟು ಜಾಗ ಇದೆ. ಹೊಸ ಜಾಗ ಕೊಡಿ ಅಂತ ಕೇಳುತ್ತಿಲ್ಲ. ಇದ್ದದ್ದನ್ನು ಬಿಡಿಸಿಕೊಡಿ. ಮೊದಲು ರಸ್ತೆಗೆ ಮೋರಿ ಹಾಕಿಸಿ ಗಟಾರ ತೆರೆಯಬೇಕು. ಅದಾಗದೆ ಎಷ್ಟು ಮಣ್ಣು ಹಾಕಿದರೂ ಒಂದೇ ಮಳೆಗೆ ರಾಡಿ. ಆಮೇಲೆ ಜಲ್ಲಿ, ಕಲ್ಲು ಎತ್ತಿಸಿ, ವಾಲ್ವಿನ ಮುಚ್ಚಳ ನೆಲದ ಮಟ್ಟಕ್ಕೆ ಇಳಿಸಿ. ನೆಲವನ್ನು ನಡುವೆ ತುಸು ಎತ್ತರ, ಅಂಚಿಗೆ ಇಳಿಜಾರು ಮಾಡಿದರೆ ನೀರು ನಿಲ್ಲುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಶಾಲಾ ಮೈದಾನ ಮಾಡಿಕೊಂಡ ಪಂಚಾಯತಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಪೆಂಡಾಲಿಗೆ ಬಾಡಿಗೆ ತೆಗೆದುಕೊಳ್ಳುವಾಗ ಠೇವಣಿ ಇಟ್ಟುಕೊಳ್ಳಿ, ಗುಂಡಿ ಮುಚ್ಚಿದ ಮೇಲೆ ವಾಪಸ್ ಕೊಡಿ. ಅಲ್ಲಿ ಬಲೆ ಒಣಗಿಸುವವರ ಜೊತೆ ನಾವೇ ಮಾತಾಡಿದ್ದೇವೆ, ಅವರು ಬೇರೆ ಜಾಗಕ್ಕೆ ಹೋಗಲು ಒಪ್ಪಿದ್ದಾರೆ.

ಪಿಟಿ ಮಾಸ್ತರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಇದೆ. ಮಾಸ್ತರನ್ನು ನೇಮಿಸುವುದು ಪಂಚಾಯತದ ಕೈಯಲ್ಲಿಲ್ಲ, ಗೊತ್ತು. ಒಂದು ಠರಾವು ಮಾಡಿ ಶಿಕ್ಷಣ ಇಲಾಖೆಯ ಬಿಇಒ ಕಚೇರಿಗೆ ಕಳಿಸಿದರೆ ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಮಾತಿಗೂ ತೂಕ ಬರುತ್ತದೆ. ಅಲ್ಲಿಯವರೆಗೆ ಊರಿನ ಹಳೆ ಆಟಗಾರರು ಸಂಜೆ ಹೊತ್ತು ಕಲಿಸಲು ತಯಾರಿದ್ದಾರೆ, ಸಂಬಳ ಕೇಳುವುದಿಲ್ಲ. ಬೂಟುಗಳಿಗೆ ಹಳೆ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದೇವೆ.

ಇನ್ನೊಂದು ಮಾತು. ಈ ಸಲ ನಮಗೂ ಆಡಬೇಕು ಅಂತ ಎಂಟು, ಒಂಬತ್ತನೇ ತರಗತಿಯ ಹುಡುಗಿಯರು ಬಂದು ಕೇಳಿದ್ದಾರೆ. 1960ರಲ್ಲಿ ಶುರುವಾದ, ಶಾಲಾ ತಂಡಗಳ ರಾಷ್ಟ್ರಮಟ್ಟದ ಫುಟ್‌ಬಾಲ್ ಟೂರ್ನಿ ಸುಬ್ರೊತೊ ಕಪ್‌ನಲ್ಲಿ ಈಗ 17 ವರ್ಷದೊಳಗಿನ ಹುಡುಗಿಯರ ವಿಭಾಗವೂ ಇದೆ. ಇವರು ದಂಡೆಗೆ ಹೋಗಿ ಕತ್ತಲವರೆಗೆ ಆಡಲು ಮನೆಯಲ್ಲಿ ಬಿಡುವುದಿಲ್ಲ. ಶಾಲೆಯ ಮೈದಾನ ಸರಿಯಾದರೆ ಜಾಸ್ತಿ ಉಪಯೋಗ ಆಗುವುದು ಇವರಿಗೇ.

ಮಣ್ಣಿನ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಆದ್ದರಿಂದ ಬರುವ ಗ್ರಾಮಸಭೆಯಲ್ಲೇ ಈ ವಿಷಯ ತೆಗೆದುಕೊಂಡು, ಅದಕ್ಕೂ ಮೊದಲು ಇಂಜಿನಿಯರರ ಜೊತೆ ಒಂದು ದಿನ ಮೈದಾನಕ್ಕೆ ಬರಬೇಕಾಗಿ ವಿನಂತಿ. ದಿನ ತಿಳಿಸಿದರೆ ನಾವು ಟೇಪು, ಸುಣ್ಣದ ಪುಡಿ ಹಿಡಿದು ಅಲ್ಲೇ ಇರುತ್ತೇವೆ.

ತಮ್ಮ ವಿಶ್ವಾಸಿಗಳು,
ಊರವರು (ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಹೆಡ್ ಮಾಸ್ತರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರಿಗೆ, ಮಾಹಿತಿಗಾಗಿ