ಮೊದಲು ಚಾಲಕನ ಬೆನ್ನು ಉಳಿಯಲಿ

ಕ್ಷೇಮ
ಪುಣೆ

ತೀರ್ಥರೂಪರಾದ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಅವ್ವನಿಗೂ ತಿಳಿಸಿರಿ. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ಚಾಕಣಕ್ಕೆ ಹೋಗುವ ರಸ್ತೆಯಲ್ಲಿ ಕಂಪನಿಯ ಬಸ್ಸು ಗುಂಡಿ ತಪ್ಪಿಸುತ್ತ ಹಾವಿನಂತೆ ಹರಿಯುತ್ತದೆ.

ನೀವು ಮೊಬೈಲಿಗೆ ಕಳುಹಿಸಿದ ವಿಡಿಯೊ ನೋಡಿದೆ. ನಿಂತಲ್ಲೇ ನಾಲ್ಕೂ ಗಾಲಿ ನೆಲ ಬಿಟ್ಟು ಜಿಗಿಯುವ ಆ ಕಾರು ನಿಜವೋ, ಕಂಪ್ಯೂಟರಿನಲ್ಲಿ ಮಾಡಿದ್ದೋ ಎಂದು ಕೇಳಿದ್ದೀರಿ. ನಿಜ ಅಪ್ಪ. ಅದು ಚೀನಾದ ಬಿವೈಡಿ ಕಂಪನಿಯ ಯಾಂಗ್‌ವಾಂಗ್ ಯು9. ‘ಕಾರು ಕುಣಿದರೆ ಯಾರಿಗೇನು ಬಂತು?’ ಎಂದೂ ಕೇಳಿದ್ದೀರಿ. ಅದಕ್ಕೆ ಉತ್ತರ ಫೋನಿನಲ್ಲಿ ಮುಗಿಯುವುದಿಲ್ಲ. ಗಾಡಿಯ ಕುಲುಕಾಟವನ್ನು ಹಿಡಿತಕ್ಕೆ ತರುವ ಈ ವಿದ್ಯೆಯೇ ನಾನು ಹೊಟ್ಟೆ ಹೊರೆಯುವ ಕೆಲಸವೂ ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನೀವು ಓಡಿಸಿದ ಬಸ್ಸುಗಳಿಗೆ ಸ್ಪ್ರಿಂಗಾಗಿ ಕಮಾನು ಪಟ್ಟಿಗಳಿದ್ದವು. ಆ ಪಟ್ಟಿಗಳನ್ನು ಜನ ತುಂಬಿದ ಬಸ್ಸಿನ ಭಾರಕ್ಕೆ ತಕ್ಕಂತೆ ಕೂಡಿಸಿರುತ್ತಾರೆ. ಆದ್ದರಿಂದಲೇ ಖಾಲಿ ಬಸ್ಸು ಹೆಚ್ಚು ಎತ್ತಿ ಒಗೆಯುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಗಾಲಿಗೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು (ಇವನ್ನೇ ಒಟ್ಟಾಗಿ ನಾವು ಸಸ್ಪೆನ್ಷನ್ ಎನ್ನುತ್ತೇವೆ) ಮೆತ್ತಗೆ ಇಟ್ಟರೆ ಗಾಡಿ ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಒತ್ತಿದಾಗ ಮುಂದಕ್ಕೆ ಮುಗ್ಗರಿಸುತ್ತದೆ. ಬಿಗಿ ಮಾಡಿದರೆ ಪ್ರತಿ ತಗ್ಗೂ ಬೆನ್ನಿಗೇ ಬಡಿಯುತ್ತದೆ. ಕಾರ್ಖಾನೆಯಲ್ಲಿ ಒಮ್ಮೆ ಯಾವುದೋ ಒಂದು ಬಿಗಿಯನ್ನು ಗೊತ್ತುಮಾಡಿ ಕಳುಹಿಸಿದರೆ ಗಾಡಿಯ ಆಯುಷ್ಯವೆಲ್ಲ ಅದೇ.

ಆ ಬಿಗಿಯನ್ನು ಓಡುತ್ತಿರುವಾಗಲೇ ಬದಲಿಸಬಹುದೇ ಎಂಬುದು ಹಳೆಯ ಪ್ರಶ್ನೆ. 1974ರಲ್ಲಿ ಅಮೆರಿಕದ ಡೀನ್ ಕಾರ್ನಾಪ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು. ಗಾಡಿಯ ಮೈಯನ್ನು ಆಕಾಶದಿಂದ ಇಳಿಬಿಟ್ಟ ಶಾಕ್ ಅಬ್ಸಾರ್ಬರ್ ಒಂದು ಹಿಡಿದುಕೊಂಡಿದೆ ಎಂದು ಭಾವಿಸಿಕೊಳ್ಳಿ. ಆಗ ಅದು ಹೇಗೆ ಅಲುಗದೆ ಸಾಗುತ್ತಿತ್ತೋ ಹಾಗೆಯೇ ಸಾಗುವಂತೆ, ಕೆಳಗಿರುವ ನಿಜವಾದ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಿರಬೇಕು. ನಾವು ದಿನವೂ ಮಾಡುವ ಲೆಕ್ಕದ ಬುಡ ಇಂದಿಗೂ ಅಲ್ಲಿಯೇ ಇದೆ.

ಬದಲಿಸುವ ಬಗೆಗಳಲ್ಲಿ ನನಗೆ ಅತಿ ಪ್ರಿಯವಾದದ್ದನ್ನು ಹೇಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ಗಾಜಿನ ಬಟ್ಟಲಿನಲ್ಲಿ ಕಪ್ಪು ಬೂದು ಬಣ್ಣದ ಎಣ್ಣೆ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಅದರಲ್ಲಿ ಬೆರೆಸಿದ್ದಾರೆ. ಕಡ್ಡಿಯಿಂದ ಕಲಕಿದರೆ ಸಲೀಸಾಗಿ ತಿರುಗುತ್ತದೆ. ಬಟ್ಟಲಿನ ಕೆಳಗೆ ಅಯಸ್ಕಾಂತ ಹಿಡಿದ ಕೂಡಲೇ ಎಣ್ಣೆ ಗಟ್ಟಿಯಾಗಿ, ಮೇಲೆಲ್ಲ ಮುಳ್ಳು ಎದ್ದು, ಕಡ್ಡಿ ನೆಟ್ಟಗೆ ನಿಂತುಬಿಡುತ್ತದೆ. ಅಯಸ್ಕಾಂತ ತೆಗೆದರೆ ಮತ್ತೆ ನೀರಾಗಿ ಹರಿಯುತ್ತದೆ. ಇದೇ ಎಣ್ಣೆಯನ್ನು ಶಾಕ್ ಅಬ್ಸಾರ್ಬರಿನೊಳಗೆ ತುಂಬಿ, ಪಿಸ್ಟನ್ನಿನಲ್ಲಿ ತಂತಿಯ ಸುರುಳಿ ಇಟ್ಟು, ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಬಿಗಿ ಬದಲಾಗುತ್ತದೆ. 2002ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಇದು ಮಾರುಕಟ್ಟೆಗೆ ಬಂತು.

ಆದರೆ ಇದು ತಡೆಯಬಲ್ಲದೇ ಹೊರತು ಎತ್ತಲಾರದು. ಗಾಲಿಯನ್ನು ತಾನೇ ಎತ್ತುವ, ಇಳಿಸುವ ಶಕ್ತಿ ಬೇಕಾದರೆ ಪಂಪು ಅಥವಾ ಮೋಟಾರು ಬೇಕು. ನೀವು ನೋಡಿದ ಜಿಗಿತ ಅದರದ್ದು. ಮೊದಲು ಇದು ಮೆರೆದದ್ದು ಫಾರ್ಮುಲಾ ಒನ್ ಕಾರು ರೇಸಿನಲ್ಲಿ. 1987ರಲ್ಲಿ ಐರ್ಟನ್ ಸೆನ್ನಾ ಇಂಥ ಲೋಟಸ್ ಕಾರಿನಲ್ಲಿ ಮೊನಾಕೊ ರೇಸು ಗೆದ್ದರು, 1992ರಲ್ಲಿ ವಿಲಿಯಮ್ಸ್ ಕಾರಿನಲ್ಲಿ ನೈಜೆಲ್ ಮ್ಯಾನ್ಸೆಲ್ ವಿಶ್ವ ಚಾಂಪಿಯನ್ ಆದರು. 1994ರಿಂದ ಫಾರ್ಮುಲಾ ಒನ್‌ನಲ್ಲಿ ಅದನ್ನು ನಿಷೇಧಿಸಿದರು. ಆಮೇಲೆ ದುಬಾರಿ ಕಾರುಗಳಿಗೆ ಬಂತು. 2013ರ ಮರ್ಸಿಡಿಸ್ ಎಸ್‌-ಕ್ಲಾಸ್ ಕಾರು ಗಾಜಿನ ಹಿಂದಿನ ಜೋಡಿ ಕ್ಯಾಮೆರಾಗಳಿಂದ ಮುಂದಿನ ಸುಮಾರು 15 ಮೀಟರ್ ರಸ್ತೆಯನ್ನು ಓದಿ ಗಾಲಿಗಳನ್ನು ಮೊದಲೇ ಸಜ್ಜು ಮಾಡುತ್ತಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ದೂರ ದಾಟಲು ಒಂದು ಸೆಕೆಂಡೂ ಬೇಕಾಗುವುದಿಲ್ಲ, ಅಷ್ಟರೊಳಗೆ ಎಲ್ಲ ನಡೆಯಬೇಕು. ಆದರೆ ನೀರು ತುಂಬಿದ ಗುಂಡಿಯ ಆಳ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅದಕ್ಕೇ ಈಗ ಒಂದು ಗಾಡಿ ಅನುಭವಿಸಿದ ತಗ್ಗನ್ನು ನಕ್ಷೆಯಲ್ಲಿ ಗುರುತಿಸಿ, ಹಿಂದೆ ಬರುವ ಗಾಡಿಗೆ ತಿಳಿಸುವ ವ್ಯವಸ್ಥೆ ಬರುತ್ತಿದೆ. ನಮ್ಮ ಮಳೆಗಾಲಕ್ಕೆ ಬೇಕಾದದ್ದು ಇದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಯಾರಿಗೇನು ಬಂತು ಎಂಬುದಕ್ಕೆ.

ಅಮರ್ ಬೋಸ್ ಎಂಬುವರ ಹೆಸರನ್ನು ಸ್ಪೀಕರುಗಳ ಮೇಲೆ ನೋಡಿರುತ್ತೀರಿ. ಅವರ ತಂದೆ ಸ್ವಾತಂತ್ರ್ಯ ಹೋರಾಟದಲ್ಲಿದ್ದು ಬಂಗಾಳ ಬಿಟ್ಟು ಅಮೆರಿಕಕ್ಕೆ ಹೋದವರು. ಬೋಸ್ 1980ರಲ್ಲಿ ಎಣ್ಣೆಯೂ ಇಲ್ಲದ, ಬರಿಯ ವಿದ್ಯುತ್ ಮೋಟಾರಿನಿಂದ ಗಾಲಿಯನ್ನು ಆಡಿಸುವ ಸಸ್ಪೆನ್ಷನ್ನಿಗೆ ಕೈಹಾಕಿದರು. 2004ರಲ್ಲಿ ಜಗತ್ತಿಗೆ ತೋರಿಸಿದಾಗ ಆ ಕಾರು ಉಬ್ಬುಗಳ ಮೇಲೆ ಅಲುಗದೆ ಹೋಯಿತು, ಹಲಗೆಯ ಅಡ್ಡಗಟ್ಟೆಯನ್ನು ಹಾರಿ ದಾಟಿತು. ಆದರೆ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಯಾವ ಕಾರಿಗೂ ಅದು ಹತ್ತಲಿಲ್ಲ. ಆಗ ಅವರ ಕಂಪನಿ ಏನು ಮಾಡಿತು ಗೊತ್ತೇ ಅಪ್ಪ? ಅದೇ ವಿದ್ಯೆಯನ್ನು 2010ರಲ್ಲಿ ಲಾರಿ ಚಾಲಕನ ಸೀಟಿನ ಕೆಳಗೆ ಇಟ್ಟಿತು. ಲಾರಿ ಕುಲುಕುತ್ತದೆ, ಸೀಟು ಅದಕ್ಕೆ ಎದುರಾಗಿ ಚಲಿಸಿ ಚಾಲಕನನ್ನು ಸ್ಥಿರವಾಗಿ ಹಿಡಿಯುತ್ತದೆ. ಈ ಇಡೀ ಇತಿಹಾಸದಲ್ಲಿ ನಾನು ಕೈಮುಗಿಯುವ ಕೆಲಸ ಅದು.

ಮೇಲೆ ಕೆಳಗೆ ಆಡುವ ಕುಲುಕಾಟದಲ್ಲಿ ಸೆಕೆಂಡಿಗೆ 4ರಿಂದ 8 ಸಲದ್ದು ಮನುಷ್ಯನ ಮೈಗೆ ಎಲ್ಲಕ್ಕಿಂತ ಹೆಚ್ಚು ತಾಗುತ್ತದೆ. ಯುರೋಪಿನಲ್ಲಿ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕಂಪನ ದುಡಿಯುವವನ ಮೈಗೆ ಹೋಗಬಾರದು ಎಂದು 2002ರಲ್ಲೇ ನಿಯಮ ಮಾಡಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದು, ಗೋಡೆ ಹಿಡಿದು ನೀವು ಚಾಪೆಯ ಮೇಲೆ ಮಲಗುತ್ತಿದ್ದುದನ್ನು, ಅವ್ವ ಬಿಸಿ ಉಪ್ಪಿನ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡುತ್ತಿದ್ದುದನ್ನು ನಾನು ಬೆಳೆಯುವಾಗೆಲ್ಲ ನೋಡಿದ್ದೇನೆ. ಅದನ್ನು ಎಲ್ಲರೂ ವಯಸ್ಸಿನ ನೋವು ಎಂದರು. ನಿಮಗಾಗ ನಲವತ್ತೂ ಆಗಿರಲಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ, ಕಚೇರಿಯಲ್ಲೂ ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ಕೂತವರ ಕೈಯ ಚಹಾ ತುಳುಕದಿರುವುದು ಒಳ್ಳೆಯದೇ. ಆದರೆ ಈ ವಿದ್ಯೆ ಮೊದಲು ಬಸ್ಸು, ಲಾರಿಗಳ ಚಾಲಕನ ಸೀಟಿಗೆ ಬರಬೇಕು, ಮುರಿದ ಮೂಳೆಯ ರೋಗಿಯನ್ನು ಮಲಗಿಸುವ ಆಂಬ್ಯುಲೆನ್ಸಿನ ಸ್ಟ್ರೆಚರಿಗೆ ಬರಬೇಕು. ಇಡೀ ಬಸ್ಸನ್ನು ಹಿಡಿಯುವುದಕ್ಕಿಂತ ಒಬ್ಬನ ಸೀಟನ್ನು ಹಿಡಿಯಲು ಬಹಳ ಕಡಿಮೆ ಶಕ್ತಿ ಸಾಕು. ವಿದ್ಯುತ್ ಬಸ್ಸಿನಲ್ಲಿ ದೊಡ್ಡ ಬ್ಯಾಟರಿ ಹೇಗೂ ಇರುತ್ತದೆ. ಮೇಲಾಗಿ ಕುಲುಕಾಟದಿಂದಲೇ ವಿದ್ಯುತ್ ತೆಗೆಯಬಹುದು. 2016ರಲ್ಲಿ ಆಡಿ ಕಂಪನಿ ತನ್ನ ಪ್ರಯೋಗದ ಕಾರಿನಲ್ಲಿ ನುಣುಪಾದ ಹೆದ್ದಾರಿಯ ಮೇಲೆ 3 ವ್ಯಾಟ್, ಒರಟು ರಸ್ತೆಯ ಮೇಲೆ 613 ವ್ಯಾಟ್‌ವರೆಗೆ ಪಡೆದಿತ್ತು.

ನನ್ನ ಪಕ್ಕದ ಮೇಜಿನಲ್ಲಿ ಅಥಣಿಯ ಹುಡುಗನೊಬ್ಬ ಪರೀಕ್ಷಾ ಯಂತ್ರ ನಡೆಸುತ್ತಾನೆ. ಇಬ್ಬರೂ ಸೇರಿ ಸೀಟಿನ ಕೆಳಗೆ ಇಡುವ ಒಂದು ಸಣ್ಣ ಮಾದರಿ ಮಾಡುತ್ತಿದ್ದೇವೆ. ಇದಕ್ಕೆ ನಿಮ್ಮ ಸಹಾಯ ಬೇಕು. ಪೆಟ್ಟು ಮೊದಲು ಎಲ್ಲಿಗೆ ಬರುತ್ತಿತ್ತು, ಸೊಂಟಕ್ಕೋ, ಕುತ್ತಿಗೆಗೋ? ಖಾಲಿ ಬಸ್ಸಿನಲ್ಲಿ ಯಾವ ವೇಗಕ್ಕೆ ಸೀಟು ಹೆಚ್ಚು ಅದುರುತ್ತಿತ್ತು? ಸೀಟು ತುಂಬ ಮೆತ್ತಗಾದರೆ ಕ್ಲಚ್ಚಿನ ಮೇಲಿನ ಕಾಲಿಗೆ ಹಿಡಿತ ತಪ್ಪುತ್ತಿತ್ತೇ? ನಿಮ್ಮ ಜೊತೆ ನಿವೃತ್ತರಾದವರನ್ನೂ ಕೇಳಿ ಬರೆಯಿರಿ. ತಂಗಿಗೆ ಹೇಳಿ ಬರೆಸಿದರೂ ಆದೀತು.

ಚೌತಿಗೆ ಬರುತ್ತೇನೆ, ರಜೆ ಸಿಕ್ಕಿದೆ. ಸೊಂಟದ ಪಟ್ಟಿ ಕಳುಹಿಸಿದ್ದೇನೆ, ತೋಟಕ್ಕೆ ಹೋಗುವಾಗ ಕಟ್ಟಿಕೊಳ್ಳಿ. ಅವ್ವ ಕೇಳಿದ್ದ ಇಳಕಲ್ ಸೀರೆಯ ವಿಚಾರ ನೆನಪಿದೆ ಎಂದು ತಿಳಿಸಿರಿ.

ನಿಮ್ಮ ಮಗಳು